ಸಾಕ್ಷಿಯ ಹೊಣೆ

ಪಕ್ಷಿವೀಕ್ಷಕರ ಸಂಘಗಳು ಬೇಸಿಗೆಯ ಬೆಳಗಿನಲ್ಲಿ ಕಡಲಂಚಿನ ಬಂಡೆಗಳ ನಡುವೆ ನಡೆಸುವ ನಡಿಗೆಗೆ ಒಂದೇ ಉದ್ದೇಶ: ನೋಡುವುದು. ಅಲ್ಲಿ ಹಿಡಿಯುವುದಿಲ್ಲ, ಕೊಲ್ಲುವುದಿಲ್ಲ, ಏನನ್ನೂ ಮನೆಗೆ ಒಯ್ಯುವುದಿಲ್ಲ. ಹೀಗೆ ಏನನ್ನೂ ಪಡೆಯದೆ ನೋಡುವ ಕೆಲಸಕ್ಕೆ ಆಧ್ಯಾತ್ಮಿಕ ಬೆಲೆಯಿದೆಯೇ, ಇದ್ದರೆ ಅದಕ್ಕೆ ಷರತ್ತೇನು ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳಲ್ಲಿ ಗಟ್ಟಿಯಾದ ಉತ್ತರಗಳಿವೆ.

ಉಡುಪಿ ಜಿಲ್ಲೆಯ ಕಾಪುವಿನ ಕಡಲತೀರ ಇಂಥ ನಡಿಗೆಗೆ ತಕ್ಕ ಜಾಗ. 1901ರಲ್ಲಿ ಕಟ್ಟಿದ ದೀಪಸ್ತಂಭ ಇಲ್ಲಿ ಹೆಬ್ಬಂಡೆಯ ಮೇಲೆ ನಿಂತಿದೆ. ಏಪ್ರಿಲ್, ಮೇ ತಿಂಗಳ ಹೊತ್ತಿಗೆ ಚಳಿಗಾಲದ ವಲಸೆ ಹಕ್ಕಿಗಳಲ್ಲಿ ಹೆಚ್ಚಿನವು ಉತ್ತರಕ್ಕೆ ಮರಳಿರುತ್ತವೆ. ಕರಾವಳಿಯಲ್ಲೇ ಉಳಿಯುವ ಹಕ್ಕಿಗಳು ಇಳಿತದಲ್ಲಿ ಬಂಡೆಗಳ ಬುಡ ತೆರೆದುಕೊಂಡಾಗ ಆಹಾರಕ್ಕೆ ಇಳಿಯುತ್ತವೆ. ಕಡಲಂಚಿನ ಬೆಳ್ಳಕ್ಕಿ ಅವುಗಳಲ್ಲಿ ಒಂದು. ಒಂದೇ ಜಾತಿಯಲ್ಲಿ ಅಚ್ಚ ಬಿಳಿಯವೂ ಇವೆ, ಗಂಟಲಷ್ಟೇ ಬೆಳ್ಳಗಿರುವ ಬೂದುಗಪ್ಪಿನವೂ ಇವೆ. ಮೇಲೆ ಗರುಡ ಸುತ್ತುತ್ತದೆ. ಅದನ್ನು ಕಂಡು ಕೈಮುಗಿಯುವ ರೂಢಿ ಇಂದಿಗೂ ಉಳಿದಿದೆ.

ನೋಡುವ ಹಕ್ಕಿಯೇ ಉಪನಿಷತ್ತಿನ ಒಂದು ಪ್ರಸಿದ್ಧ ಚಿತ್ರದ ನಾಯಕ. ಋಗ್ವೇದದ ಮೊದಲನೆಯ ಮಂಡಲದ 164ನೆಯ ಸೂಕ್ತದಲ್ಲಿ ಬಂದು, ಮುಂಡಕ ಮತ್ತು ಶ್ವೇತಾಶ್ವತರ ಉಪನಿಷತ್ತುಗಳಲ್ಲಿ ಮರಳಿ ಕಾಣಿಸಿಕೊಳ್ಳುವ ಈ ಚಿತ್ರದಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು ಗೆಳೆಯರಂತೆ ಕುಳಿತಿವೆ. ಒಂದು ಹಣ್ಣು ತಿನ್ನುತ್ತದೆ. ಇನ್ನೊಂದು ತಿನ್ನದೆ ನೋಡುತ್ತದೆ. ದುಃಖದಲ್ಲಿ ಮುಳುಗಿದ ಮೊದಲನೆಯದು ಎರಡನೆಯದರತ್ತ ಕಣ್ಣು ಹಾಯಿಸಿದಾಗ ಶೋಕದಿಂದ ಬಿಡುಗಡೆ ಪಡೆಯುತ್ತದೆ ಎಂದು ಮುಂಡಕದ ಮುಂದಿನ ಮಂತ್ರ ಹೇಳುತ್ತದೆ.

ಕಾಪುವಿಗೆ ದೂರವಲ್ಲದ ಪಾಜಕದಲ್ಲಿ ಹುಟ್ಟಿದ, 13ನೆಯ ಶತಮಾನದ ಮಧ್ವಾಚಾರ್ಯರ ಪರಂಪರೆಗೆ ಇದು ಭೇದವನ್ನು ಸಾರುವ ಶ್ರುತಿ: ತಿನ್ನುವವನು ಜೀವ, ನೋಡುವವನು ಈಶ್ವರ, ಇಬ್ಬರೂ ಎಂದೆಂದಿಗೂ ಬೇರೆ. ಮುಂಡಕ ಭಾಷ್ಯದಲ್ಲಿ ಶಂಕರರೂ ಇವರನ್ನು ಜೀವ, ಈಶ್ವರ ಎಂದೇ ಗುರುತಿಸುತ್ತಾರೆ. ಆದರೆ ಅದ್ವೈತದಲ್ಲಿ ಆ ಭೇದ ದೇಹ, ಮನಸ್ಸಿನಂಥ ಉಪಾಧಿಯಿಂದ ಬಂದದ್ದು, ಕೊನೆಗೆ ನಿಲ್ಲುವಂಥದ್ದಲ್ಲ. ಭೋಗಕ್ಕೆ ಒಳಗಾಗದ ನೋಟ ಭೋಗಕ್ಕಿಂತ ಮೇಲು ಎಂಬುದರಲ್ಲಿ ಮಾತ್ರ ಎರಡೂ ಪಕ್ಷಗಳಿಗೆ ಒಪ್ಪಿಗೆಯಿದೆ.

ಆದರೆ ಮನುಷ್ಯ ಉಪನಿಷತ್ತಿನ ಆ ಎರಡನೆಯ ಹಕ್ಕಿಯಲ್ಲ. ಅವನಿಗೆ ಮೈಯಿದೆ, ಕಾಲಿದೆ. ಅವನು ನಿಂತ ಜಾಗಕ್ಕೆ ಭಾರವಿದೆ. ಬಂಡೆಗಳ ಹಿಂದಿನ ಬಯಲಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಟಿಟ್ಟಿಭ ಬೇಸಿಗೆಯಲ್ಲಿ ಬರಿನೆಲದ ಮೇಲೆ ಗೂಡು ಮಾಡುತ್ತದೆ. ಗೂಡೆಂದರೆ ಸಣ್ಣ ಕುಳಿ, ಸುತ್ತ ಒಂದಿಷ್ಟು ಹರಳು. ಅದರಲ್ಲಿಡುವ, ಸಾಮಾನ್ಯವಾಗಿ ನಾಲ್ಕು, ಮೊಟ್ಟೆಗಳು ಕಪ್ಪು ಮಚ್ಚೆಯ ಮಣ್ಣುಬಣ್ಣದವು. ಕಾಲಡಿಗೆ ಬರುವವರೆಗೂ ಕಲ್ಲಿನಂತೆಯೇ ತೋರುತ್ತವೆ. ಬಿಸಿಲೇರಿದಾಗ ತಂದೆತಾಯಿ ಹಕ್ಕಿಗಳು ನೆರಳಾಗಿ ನಿಂತು, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಂಪಾಗಿಡುತ್ತವೆ. ವೀಕ್ಷಕರು ಹತ್ತಿರ ಬಂದು ನಿಂತರೆ ಅವು ಚೀರುತ್ತ ತಲೆಯ ಮೇಲೆ ಹಾರಾಡುತ್ತವೆ, ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ. ಯಾರೂ ಕೈ ತಾಗಿಸದಿದ್ದರೂ ಹಿಂಸೆ ನಡೆದುಹೋಗುತ್ತದೆ.

ಈ ತೊಡಕಿಗೆ ಜೈನಧರ್ಮದ ಈರ್ಯಾ ಸಮಿತಿ ನೇರವಾದ ಪರಿಹಾರ. ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ ಇದು ಮೊದಲನೆಯದು: ಹಗಲಿನಲ್ಲೇ ನಡೆಯಬೇಕು, ಮುಂದಿನ ಸುಮಾರು ನಾಲ್ಕು ಮೊಳ ನೆಲ ನೋಡಿಕೊಂಡು, ಜೀವಿಗಳಿಗೆ ನೋವಾಗದಂತೆ ಹೆಜ್ಜೆಯಿಡಬೇಕು. ಕೊಲ್ಲುವ ಮನಸ್ಸಿರಲಿಲ್ಲ ಎಂದ ಮಾತ್ರಕ್ಕೆ ಅಜಾಗ್ರತೆಗೆ ಕ್ಷಮೆಯಿಲ್ಲ. ಎಚ್ಚರ ತಪ್ಪಿ ನಡೆಯುವುದೇ ದೋಷ. ಆಕಾಶ ನೋಡಲು ಹೊರಟವರಿಗೆ ಈ ನಿಯಮ ನೆಲ ನೋಡುವುದನ್ನು ಕಲಿಸುತ್ತದೆ.

ಏನನ್ನೂ ತನ್ನದಾಗಿಸಿಕೊಳ್ಳದಿರುವ ಅಪರಿಗ್ರಹದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಪಕ್ಷಿಪ್ರೇಮ ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಿಯಿಂದ ಮೊದಲಾಯಿತು. ಆ ಕಾಲದ ಪಕ್ಷಿಶಾಸ್ತ್ರ ಬಹುಮಟ್ಟಿಗೆ ಕೋವಿಯನ್ನು ನಂಬಿತ್ತು. ಕೋವಿಯ ಜಾಗಕ್ಕೆ ದುರ್ಬೀನು ಬಂದದ್ದು ದೊಡ್ಡ ನೈತಿಕ ಮುನ್ನಡೆ. ಆದರೂ ಪಟ್ಟಿಗೆ ಹೊಸ ಹೆಸರು ಸೇರಿಸುವ ಹಟ, ಫೋಟೋಗಾಗಿ ಗೂಡಿನತ್ತ ನುಗ್ಗುವ ಆತುರ, ಧ್ವನಿಮುದ್ರಣ ಕೇಳಿಸಿ ಹಕ್ಕಿಯನ್ನು ಹೊರಗೆಳೆಯುವ ಚಟ ಇವೆಲ್ಲ ಹಣ್ಣು ತಿನ್ನುವ ಹಕ್ಕಿಯ ಗುಣಗಳೇ. ಇದೇ ಜಿಲ್ಲೆಯ ಕಾರ್ಕಳದಲ್ಲಿ 1432ರಿಂದ ನಿಂತಿರುವ ಬಾಹುಬಲಿ, ಗೆದ್ದ ರಾಜ್ಯವನ್ನೇ ಬಿಟ್ಟುಕೊಟ್ಟವನು. ಕೈಗೆ ಸಿಕ್ಕಿದ್ದನ್ನು ಬಿಡಬಲ್ಲವನದೇ ಅಪರಿಗ್ರಹ.

ಹೀಗೆ ನೋಡುವುದು ಆಧ್ಯಾತ್ಮಿಕ ಸಾಧನೆಯಾಗಬಲ್ಲದು, ಆದರೆ ತಾನಾಗಿಯೇ ಆಗುವುದಿಲ್ಲ. ವೇದಾಂತ ಹೇಳುವ ಸಾಕ್ಷಿಭಾವಕ್ಕೆ ಜೈನರ ಹೆಜ್ಜೆಯ ಎಚ್ಚರ ಜೊತೆಗೂಡಿದರೆ ಮಾತ್ರ ಆ ನೋಟ ಶುದ್ಧ. ಟಿಟ್ಟಿಭ ಕೂಗಿದೊಡನೆ ಹಿಂದೆ ಸರಿಯುವ ಸಂಘದ ಪಟ್ಟಿಯಲ್ಲಿ ಒಂದೆರಡು ಹೆಸರು ಕಡಿಮೆಯಾಗಬಹುದು. ಧರ್ಮದ ಲೆಕ್ಕದಲ್ಲಿ ಅದಕ್ಕೆ ಕೊರತೆಯಿಲ್ಲ.