ಹೂವು ಯಾರ ಸ್ವತ್ತು?

ಮೈಸೂರು ಜಿಲ್ಲೆಯ ಸಾಲಿಗ್ರಾಮಕ್ಕೆ ಶ್ರೀವೈಷ್ಣವರ ನಂಟು ಹಳೆಯದು. ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂಬುದು ಐತಿಹ್ಯ. ಅವರ ಶಿಷ್ಯ ವಡುಗನಂಬಿ ಈ ಊರಿನವರೇ. ರಂಗನಾಥನ ಉತ್ಸವ ಬೀದಿಗೆ ಬಂದಾಗ ಗುರುಗಳೇ ಕರೆದರೂ, ಗುರುವಿಗೆಂದು ಕಾಯಿಸುತ್ತಿದ್ದ ಹಾಲು ಉಕ್ಕೀತೆಂದು ಒಲೆ ಬಿಟ್ಟು ಏಳದಿದ್ದ ಆಸಾಮಿ.

ಅದೇ ಗುರುವಿನ ಇನ್ನೊಬ್ಬ ಶಿಷ್ಯ ಅನಂತಾಳ್ವಾರರು ಶ್ರೀರಂಗಪಟ್ಟಣದ ಸೀಮೆಯವರೆಂದು ಪರಂಪರೆ ಹೇಳುತ್ತದೆ. ತಿರುಮಲೆಯಲ್ಲಿ ಹೂದೋಟ ಬೆಳೆಸಿ ದೇವರಿಗೆ ದಿನವೂ ಮಾಲೆ ಕಟ್ಟಲು ಗುರುಗಳು ಕಳಿಸಿದ್ದು ಇವರನ್ನೇ. ತೋಟಕ್ಕೆ ಕೆರೆ ತೋಡುವಾಗ, ಮಣ್ಣು ಹೊರುತ್ತಿದ್ದ ತುಂಬು ಗರ್ಭಿಣಿ ಹೆಂಡತಿಗೆ ಹುಡುಗನೊಬ್ಬ ನೆರವಾದ. ನಮ್ಮ ಸೇವೆಯಲ್ಲಿ ಪಾಲು ಕೇಳಲು ಇವನ್ಯಾರು ಎಂದು ಸಿಟ್ಟಿಗೆದ್ದ ಆಳ್ವಾರರು ಹಾರೆ ಎಸೆದರು. ಏಟು ಬಿದ್ದದ್ದು ಸಾಕ್ಷಾತ್ ವೆಂಕಟೇಶ್ವರನ ಗಲ್ಲಕ್ಕೆ. ಆ ಹಾರೆಯನ್ನು ದೇವಸ್ಥಾನದ ಮಹಾದ್ವಾರದಲ್ಲಿ ಇಂದಿಗೂ ತೋರಿಸುತ್ತಾರೆ.

ಹೂವೆಲ್ಲ ದೇವರದೆಂದು ಒಪ್ಪಿದವರಿಗೂ ಅಗೆದ ಬೆವರು ಮಾತ್ರ ‘ನಮ್ಮದು’! ತಿರುಮಲೆಯಲ್ಲಿ ಹೆಂಗಸರು ಈಗಲೂ ಹೂ ಮುಡಿಯುವುದಿಲ್ಲ; ಬೆಟ್ಟದ ಹೂವೆಲ್ಲ ಸ್ವಾಮಿಗೆ ಮೀಸಲು.

1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿನಲ್ಲೂ ಹೂ ಕೀಳುವಂತಿಲ್ಲ. ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ, ನೋಡುತ್ತಾರೆ, ಬರಿಗೈಲಿ ಮರಳುತ್ತಾರೆ. ನಿಷೇಧ ಒಂದೇ, ಒಡೆಯ ಬೇರೆ: ಅಲ್ಲಿ ದೇವರು, ಇಲ್ಲಿ ಸರ್ಕಾರ. ಎರಡೂ ಕಡೆ ಗಿಡವನ್ನು ಕೇಳಿದವರಿಲ್ಲ.

ಕೇಳಿದವರು ಜೈನರು. ಸಾಲಿಗ್ರಾಮದಲ್ಲಿ ಬಸದಿಯೂ ಇದೆ. ಗಿಡ ಅವರಿಗೆ ಏಕೇಂದ್ರಿಯ ಜೀವ. ಉತ್ತರದ ತೇರಾಪಂಥಿ ದಿಗಂಬರರು ಅಹಿಂಸೆಯ ಲೆಕ್ಕದಲ್ಲಿ ಹೂವನ್ನೇ ಕೈಬಿಟ್ಟು, ಅದರ ಬದಲು ಕೇಸರಿ ಬಣ್ಣದ ಅಕ್ಕಿ ಅರ್ಪಿಸುತ್ತಾರೆ. ಕರ್ನಾಟಕದ ಬಸದಿಗಳಲ್ಲಿ ಹೂವಿನ ಪೂಜೆ ನಡೆದೇ ಇದೆ.

ಹಣ್ಣಿನ ವಿಷಯದಲ್ಲಿ ಇಷ್ಟು ತಕರಾರಿಲ್ಲ. ಮಾಗಿದ್ದು ತಾನೇ ತೊಟ್ಟು ಕಳಚುತ್ತದೆ. ಬಣ್ಣ, ಕಂಪು, ಸಿಹಿ ಎಲ್ಲವೂ ಹಕ್ಕಿ, ಬಾವಲಿಗಳಿಗೆ ಒಡ್ಡಿದ ಆಸೆ. ಅವು ಬೀಜ ಹೊತ್ತೊಯ್ಯಲಿ ಎಂಬುದೇ ಮರದ ಸ್ವಾರ್ಥ. ಹೂವು ಕಿತ್ತರೆ ಮಾತ್ರ ಆ ಹಣ್ಣೇ ಇಲ್ಲ.

ಪಾರಿಜಾತ ಇದಕ್ಕೆ ಹೊರತು. ಅದರ ದಳಗಳು ಕೊಳವೆಸಮೇತ ನಸುಕಿಗೆ ಉದುರುತ್ತವೆ, ಕಾಯಿ ಕಟ್ಟುವ ಭಾಗ ಗಿಡದಲ್ಲೇ ಉಳಿಯುತ್ತದೆ. ನೆಲಕ್ಕೆ ಬಿದ್ದ ಹೂ ಪೂಜೆಗೆ ಸಲ್ಲದೆನ್ನುವ ಸಂಪ್ರದಾಯವೂ ಇದಕ್ಕೆ ವಿನಾಯಿತಿ ಕೊಟ್ಟಿದೆ. ಅನಂತಾಳ್ವಾರರಿಗೆ ಈ ವಿನಾಯಿತಿಯಿಂದ ಕೆಲಸ ಸಾಗುತ್ತಿರಲಿಲ್ಲ: ನಿತ್ಯದ ಮಾಲೆಗೆ ಬುಟ್ಟಿಗಟ್ಟಲೆ ಹೂ ಬೇಕು, ಅದನ್ನು ಗಿಡದಿಂದಲೇ ಬಿಡಿಸಬೇಕು.