ಬೆಲೋಸಿನೊಳಗಿನ ಕತ್ತಲೆ

ಬೆಳಕೆಂದರೆ ಒಳ್ಳೆಯದು, ಕತ್ತಲೆಯೆಂದರೆ ಕೆಟ್ಟದ್ದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಬಸವಣ್ಣನವರ ತಾಯಿಯ ತವರೆಂದು ಹೆಸರಾದ, ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟ ಮಂಟಪವಿರುವ ನಮ್ಮ ಇಂಗಳೇಶ್ವರದಲ್ಲಂತೂ ಇದನ್ನು ಬೇರೆ ಹೇಳಬೇಕಿಲ್ಲ. ಆದರೆ ಹಳೆಯ ಮಡಿಚುವ ಕ್ಯಾಮೆರಾಕ್ಕೆ ಈ ಮಾತು ಒಪ್ಪುವುದಿಲ್ಲ. ಅದರ ಹೊಟ್ಟೆಯಲ್ಲಿ ಕತ್ತಲೆಯಿದ್ದರೇ ಚಿತ್ರ.

ನಮ್ಮ ಮಾವನವರ ಕಾಲದ ಅಂಥದೊಂದು ಕ್ಯಾಮೆರಾ ಮನೆಯಲ್ಲಿದೆ. ಲೆನ್ಸಿಗೂ ಫಿಲ್ಮಿಗೂ ನಡುವೆ ಹಾರ್ಮೋನಿಯಂನಲ್ಲಿರುವಂತೆ ನೆರಿಗೆನೆರಿಗೆಯಾದ ಕರಿ ಚೀಲ, ಬೆಲೋಸ್ ಎನ್ನುತ್ತಾರೆ. ಬಿಚ್ಚಿ ಮಡಿಚಿ, ಬಿಚ್ಚಿ ಮಡಿಚಿ ನೆರಿಗೆಯ ಮೂಲೆಗಳು ಸವೆಯುತ್ತವೆ. ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು, ಫೋಟೋದ ಮೇಲೆ ಬಿಳಿ ಮಬ್ಬು. ಹಗಲಲ್ಲಿ ಎಷ್ಟು ತಿರುಗಿಸಿ ನೋಡಿದರೂ ಆ ತೂತು ಕಾಣದು. ರಾತ್ರಿ ದೀಪ ಆರಿಸಿ, ಹಿಂದಿನ ಬಾಗಿಲು ತೆಗೆದು, ಸಣ್ಣ ಬ್ಯಾಟರಿ ಒಳಗಿಟ್ಟು, ಬೆಲೋಸನ್ನು ಪೂರ್ತಿ ಹಿಗ್ಗಿಸಿ ನೋಡಬೇಕು. ಕರಿ ಸೀರೆಯ ಮೇಲೆ ರವೆ ಚೆಲ್ಲಿದಂತೆ ಕಾಣುತ್ತವೆ! ಒಂದೊಂದಕ್ಕೂ ಸೀಮೆಸುಣ್ಣದ ಗುರುತು ಹಾಕಿಕೊಂಡು, ಬಟ್ಟೆಗೆ ಹಚ್ಚುವ ಕರಿ ಬಣ್ಣವನ್ನು ತೆಳ್ಳಗೆ ಹಚ್ಚಬೇಕು. ತೂತು ದೊಡ್ಡದಿದ್ದರೆ ತೆಳು ಕರಿ ಬಟ್ಟೆಯ ಚೂರು, ಒಣಗಿದ ಮೇಲೂ ಬಾಗುವಂಥ ಅಂಟು. ದಪ್ಪ ತೇಪೆ ಹಾಕಿದರೆ ನೆರಿಗೆ ಕೂಡ್ರದು; ಒತ್ತಿ ಮುಚ್ಚಿದರೆ ಪಕ್ಕದಲ್ಲೇ ಹೊಸ ಬಿರುಕು. ಒಣಗುವ ಮುನ್ನ ಮಡಿಚಿದರೆ ನೆರಿಗೆಗೆ ನೆರಿಗೆ ಅಂಟಿಕೊಂಡುಬಿಡುತ್ತದೆ. ರವಿಕೆಗೆ ತೇಪೆ ಹಾಕಿ ಗೊತ್ತಿರುವ ಕೈಗೆ ಇದೇನು ಕಷ್ಟವಲ್ಲ. ಗಂಡಸರು ದೊಡ್ಡ ವಿದ್ಯೆ ಮಾಡಿಕೊಂಡಿದ್ದಾರೆ, ಅಷ್ಟೆ.

ಕರ್ಣನ ಜನ್ಮವನ್ನು ಕುಂತಿ ಮುಚ್ಚಿಟ್ಟಳೆಂದು ಧರ್ಮರಾಯ ಸಿಟ್ಟಾಗಿ, ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಪಿಸಿದನಂತೆ. ಈ ಶಾಪ ನನಗೆ ವಿಚಿತ್ರವೆನಿಸುತ್ತದೆ. ಆ ಮನೆಯಲ್ಲಿ ಗುಟ್ಟು ಸೋರಿ ಅನಾಹುತವಾಗಲಿಲ್ಲ. ತೆರೆಯಬೇಕಾದ ಹೊತ್ತಿಗೆ ತೆರೆಯದೆ ಆಯಿತು. ಬೆಲೋಸಿನಲ್ಲಿ ಕತ್ತಲೆ ಕಾಯುವುದಾದರೂ ಯಾಕೆ? ಲೆನ್ಸಿನ ಕಡೆಯಿಂದ ಒಂದು ಕ್ಷಣ ಬೆಳಕು ಬರಲೆಂದು. ಕ್ಯಾಮೆರಾವನ್ನು ವರ್ಷಗಟ್ಟಲೆ ಚರ್ಮದ ಪೆಟ್ಟಿಗೆಯಲ್ಲೇ ಮುಚ್ಚಿಟ್ಟರೆ ಲೆನ್ಸಿಗೆ ಬೂಸರು ಹಿಡಿಯುತ್ತದೆ.

ನಮ್ಮ ಓಣಿಯ ಸೊಸೆಯೊಬ್ಬಳು ಒಂದು ಸಂಜೆ ತೋಳಿನ ಬಾಸುಂಡೆ ತೋರಿಸಿ, "ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ, ಮನಿ ಮರ್ಯಾದಿ ಹೋಗ್ತದ" ಎಂದಳು. ಮಾತು ಕೊಡಬೇಕೆ? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಿಂಸೆ ನಡೆದಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನನಗೆ ಭಯವಿಲ್ಲ, ನಿಜ. ಆದರೆ ಆದೇಶ ಬರುವವರೆಗಿನ ರಾತ್ರಿಗಳನ್ನು ಆ ಮನೆಯಲ್ಲಿ ಕಳೆಯುವವಳು ಆಕೆ, ನಾನಲ್ಲ. ಮಾತು ಓಣಿಯ ಕಟ್ಟೆಗೆ ಹೋದರೆ ಆಕೆಯ ಬಾಸುಂಡೆ ಮರೆತು ಎಲ್ಲರೂ ಆಕೆಯ ನಡತೆಯನ್ನೇ ಅಳೆಯುತ್ತಾರೆ. ಹಾಗೆಂದು ನುಂಗಿಕೊಂಡು ಕೂಡ್ರುವುದನ್ನು ಮರ್ಯಾದೆ ಎನ್ನಲು ನನಗೆ ಮನಸ್ಸಾಗಲಿಲ್ಲ.

"ಓಣ್ಯಾಗ ಒಬ್ಬರಿಗೂ ಹೇಳೂದಿಲ್ಲವ್ವಾ. ಆದ್ರ ಸುಮ್ಮನೂ ಕೂಡೂದಿಲ್ಲ. ಯಾರಿಗೆ ಹೇಳೂಣು ಅನ್ನೂದನ್ನ ನೀನ ಹೇಳು" ಎಂದೆ.

ಮೂರನೆಯ ದಿನ ಬಂದು ಅಣ್ಣನ ನಂಬರು ಕೊಟ್ಟಳು. ಫೋನು ಹಚ್ಚಿ ಆಕೆಯ ಕೈಗೇ ಕೊಟ್ಟೆ.