ಇಂದಿನ ಧಮ್ಮ ಚಿಂತನೆ: ಎರಡನೇ ಬಾಣ

 

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಹೊಸಪೇಟೆ, ಕಂಪ್ಲಿಯವರ ಎದೆ ಧಸಕ್ಕೆಂದಿತು. ಭತ್ತಕ್ಕೆ ನೀರಿಲ್ಲದಿದ್ದರೆ ಕೂಲಿ ಎಲ್ಲಿ, ಸಾಲ ತೀರಿಸುವುದು ಹೇಗೆ?

ಸಲ್ಲ ಸುತ್ತದಲ್ಲಿ ಬುದ್ಧರು ಎರಡು ಬಾಣಗಳ ಹೋಲಿಕೆ ಕೊಡುತ್ತಾರೆ. ತಗುಲಿದ ಪೆಟ್ಟು ಮೊದಲನೆಯದು. ಅದನ್ನೇ ನೆನೆನೆನೆದು ಕೊರಗುವುದು ಎರಡನೆಯದು.

ಆತಂಕ ಬಂದಾಗ ಹತ್ತು ನಿಮಿಷ ಕೂತು ಉಸಿರನ್ನು ಗಮನಿಸಿ. ‘ಎದೆ ಬಿಗಿದಿದೆ, ಭಯ ಬಂದಿದೆ’ ಎಂದು ಅರಿಯಿರಿ. ಅದರೊಡನೆ ಜಗಳ ಬೇಡ. ಎರಡನೇ ಬಾಣ ಸಡಿಲವಾಗುತ್ತದೆ.

ಮೊದಲನೆಯದನ್ನು ಸಹಿಸಿಕೊಂಡು ಕೂರಿ ಎಂದಲ್ಲ. ಆ ಗೇಟಿನ ಜಾಗದಲ್ಲಿ, ಹರಿವ ನೀರಿನಲ್ಲೇ, ಒಂದು ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿದ್ದು ದುಡಿಯುವ ಕೈಗಳು. ಕೂಲಿ, ಸಾಲ, ಅವಮಾನಗಳಿಗೂ ಸಂಘಟನೆ, ಹೋರಾಟ ಬೇಕು. ಧ್ಯಾನವಿರುವುದು ಆ ಕೈ ನಡುಗದಿರಲೆಂದು.